ಮನೆಯತ್ತ ವಾಲಿದ ಮಳೆಮರ: ಮೈಸೂರಿನಲ್ಲಿ ಕೊಂಬೆ ಸವರಿದ ಒಂದು ತಂಡದ ಕೆಲಸದ ವಿಮರ್ಶೆ

ಮೈಸೂರಿನ ಸರಸ್ವತಿಪುರಂ, ಜಯಲಕ್ಷ್ಮೀಪುರಂ, ಯಾದವಗಿರಿಯಂತಹ ಹಳೆಯ ಬಡಾವಣೆಗಳಲ್ಲಿ ಮನೆಗಿಂತ ಮರವೇ ದೊಡ್ಡದಾಗಿರುವ ನಿವೇಶನಗಳು ಇಂದಿಗೂ ಸಾಕಷ್ಟಿವೆ. ಅಂತಹ ಮರವೇನಾದರೂ ಮನೆಯ ಕಡೆಗೆ ವಾಲಿಕೊಂಡಿದ್ದರೆ, ಏಪ್ರಿಲ್ ಮತ್ತು ಮೇ ತಿಂಗಳಲ್ಲಿ ಗುಡುಗು ಗಾಳಿಯೊಡನೆ ಮಳೆ ಬರುವ ಸಂಜೆಗಳಲ್ಲಿ ಮನೆಯವರಿಗೆ ನೆಮ್ಮದಿ ಇರುವುದಿಲ್ಲ. ಕೇಳಿದವರೆಲ್ಲ ಸಾಮಾನ್ಯವಾಗಿ ಎರಡು ದಾರಿಗಳನ್ನಷ್ಟೇ ಹೇಳುತ್ತಾರೆ: ಒಂದೋ ಮರವನ್ನೇ ಉರುಳಿಸಿ ಬಿಡಿ, ಇಲ್ಲವೇ ತಲೆ ಬೋಳಿಸಿ ಬಿಡಿ. ಮೂರನೆಯ ದಾರಿಯೂ ಇದೆ. ಮರದ ಭಾರ ಎಲ್ಲಿದೆ ಎಂದು ನೋಡಿ, ವಾಲಿದ ಕಡೆಯ ಕೊಂಬೆಗಳ ತುದಿಯನ್ನಷ್ಟೇ ಹಗುರಗೊಳಿಸಿ, ಉಳಿದುದನ್ನು ಉಳಿದ ಹಾಗೆಯೇ ಬಿಡುವ ದಾರಿ ಅದು. ಅದನ್ನು ಬಲ್ಲವರು ಮೈಸೂರಿನಲ್ಲಿ ವಿರಳವಾಗಿರುವುದರಿಂದ, ನಮ್ಮ ಮನೆಯ ಮರದ ಮೇಲೆ ಕೆಲಸ ಮಾಡಿದ ಒಂದು ಸಣ್ಣ ತಂಡದ ಬಗ್ಗೆ ವಿವರವಾಗಿ ಬರೆಯುತ್ತಿದ್ದೇನೆ. ಅವರದು ನೋಂದಾಯಿತ ಸಂಸ್ಥೆಯಲ್ಲ, ಬೋರ್ಡು ಇಲ್ಲ, ಜಾಹೀರಾತೂ ಇಲ್ಲ. ಹುಣಸೂರು ಕಡೆಯ ನಾಲ್ಕೈದು ಜನ ಕೊಡಗಿನ ಕಾಫಿ ತೋಟಗಳಲ್ಲಿ ಮರಗಸಿ, ಅಂದರೆ ನೆರಳಿನ ಮರಗಳ ಕೊಂಬೆ ಸವರುವ ಕೆಲಸ ಮಾಡುತ್ತಾ ಕೈ ಪಳಗಿಸಿಕೊಂಡವರು; ತೋಟದ ಕೆಲಸ ಇಲ್ಲದ ತಿಂಗಳುಗಳಲ್ಲಿ ಮೈಸೂರಿನ ಮನೆಗಳಿಗೆ ಬರುತ್ತಾರೆ.

ಮೊದಲು ಮರದ ಸ್ಥಿತಿ ಹೇಳಬೇಕು. ನಮ್ಮ ಕಾಂಪೌಂಡಿನ ದಕ್ಷಿಣದ ಮೂಲೆಯಲ್ಲಿರುವ ಮಳೆಮರದ ಬುಡವನ್ನು ಇಬ್ಬರು ಎದುರುಬದುರು ನಿಂತು ತಬ್ಬಿದರೂ ಬೆರಳಿಗೆ ಬೆರಳು ತಾಗುವುದಿಲ್ಲ. ಮಧ್ಯ ಅಮೆರಿಕ ಮತ್ತು ದಕ್ಷಿಣ ಅಮೆರಿಕ ಮೂಲದ ಈ ಮರಕ್ಕೆ ಎತ್ತರಕ್ಕಿಂತ ಅಗಲಕ್ಕೆ ಹರಡುವ ಸ್ವಭಾವ. ಕೊಂಬೆಗಳು ನೆಲಕ್ಕೆ ಸಮನಾಗಿ ದೂರ ದೂರ ಚಾಚಿ, ತುದಿಯಲ್ಲಿ ಮಾತ್ರ ಎಲೆಯ ರಾಶಿಯನ್ನು ಹೊರುತ್ತವೆ. ಸಂಜೆಯಾದರೆ ಎಲೆ ಮಡಚಿಕೊಳ್ಳುವ, ಬೇಸಿಗೆಯಲ್ಲಿ ಇಡೀ ಮನೆಯನ್ನು ತಂಪಾಗಿಡುವ ಇಂತಹ ಮರವನ್ನು ಕಳೆದುಕೊಳ್ಳಲು ನಮಗೆ ಮನಸ್ಸಿರಲಿಲ್ಲ. ಅದರ ಪಕ್ಕದ ನಿವೇಶನದಲ್ಲಿ ಹಿಂದೆ ಒಂದು ಭಾರಿ ಮಾವಿನ ಮರವಿದ್ದು, ಅದರ ನೆರಳಿನಿಂದ ತಪ್ಪಿಸಿಕೊಳ್ಳಲು ಮಳೆಮರ ಎಳವೆಯಲ್ಲೇ ಬೆಳಕಿರುವ ಕಡೆಗೆ, ಅಂದರೆ ನಮ್ಮ ಮನೆಯ ಕಡೆಗೆ ಬಾಗಿ ಬೆಳೆದಿತ್ತು. ಮಾವು ಹೋಗಿ ಅಲ್ಲಿ ಮನೆ ಎದ್ದಿದೆ, ಬಾಗು ಮಾತ್ರ ಉಳಿದಿದೆ. ಮೂರು ದಪ್ಪ ಕೊಂಬೆಗಳು ತಾರಸಿಯ ಮೇಲೆ ಹಾದು ನೀರಿನ ಟ್ಯಾಂಕು ಮತ್ತು ಸೋಲಾರ್ ಹೀಟರಿನ ನೆತ್ತಿಯವರೆಗೆ ಬಂದಿದ್ದವು.

ಈ ತಂಡಕ್ಕಿಂತ ಮೊದಲು ಬಂದು ನೋಡಿದವರ ಮಾತುಗಳನ್ನೂ ಇಲ್ಲಿ ದಾಖಲಿಸುವುದು ಒಳ್ಳೆಯದು, ಏಕೆಂದರೆ ಓದುಗರಿಗೂ ಇಂತಹ ಸಲಹೆಗಳೇ ಸಿಗುವ ಸಂಭವ ಹೆಚ್ಚು. ಒಬ್ಬ ಗುತ್ತಿಗೆದಾರರು ಸೌದೆ ತಮಗೇ ಕೊಡುವುದಾದರೆ ಹಣವಿಲ್ಲದೆ ಮರ ಉರುಳಿಸಿಕೊಡುತ್ತೇವೆ ಎಂದರು. ಇನ್ನೊಬ್ಬರು ಒಂಬತ್ತು ಸಾವಿರಕ್ಕೆ ಎಲ್ಲ ಕೊಂಬೆಗಳನ್ನೂ ಕವಲಿನ ಬಳಿಯೇ ಕತ್ತರಿಸಿ ಮರವನ್ನು ಕಂಬದ ಹಾಗೆ ನಿಲ್ಲಿಸುವುದಾಗಿ ಹೇಳಿ, ಆಮೇಲೆ ಚೆನ್ನಾಗಿ ಚಿಗುರುತ್ತದೆ ಎಂದು ಭರವಸೆಯನ್ನೂ ಕೊಟ್ಟರು. ಚಿಗುರುವುದೇನೋ ನಿಜ. ಆದರೆ ಹಾಗೆ ಬೋಳಿಸಿದ ಮರ ತನ್ನ ಆಹಾರ ತಯಾರಿಸುವ ಎಲೆಗಳನ್ನೆಲ್ಲ ಒಮ್ಮೆಲೇ ಕಳೆದುಕೊಂಡು, ಕೂಡಿಟ್ಟ ಶಕ್ತಿಯನ್ನು ಸುರಿದು ತೊಗಟೆಯಡಿಯಿಂದ ಒತ್ತೊತ್ತಾಗಿ, ನೆಟ್ಟಗೆ ಮೇಲೇಳುವ ಕಂಬಚಿಗುರುಗಳನ್ನು ಹೊರಡಿಸುತ್ತದೆ. ಇವು ಸಹಜ ಕೊಂಬೆಯ ಹಾಗೆ ಕಾಂಡದ ಒಳಗಿನಿಂದ ಬೆಸೆದುಕೊಂಡು ಬಂದವಲ್ಲ, ಹೊರಮೈಗೆ ಅಂಟಿಕೊಂಡು ಬೆಳೆದವು. ಅವುಗಳ ಕೆಳಗೆ ಕತ್ತರಿಸಿದ ದೊಡ್ಡ ಮುಖದಿಂದ ಕೊಳೆ ಒಳಗಿಳಿಯುತ್ತಿರುತ್ತದೆ, ಮೇಲೆ ಚಿಗುರು ವರ್ಷದಿಂದ ವರ್ಷಕ್ಕೆ ದಪ್ಪವಾಗಿ ಭಾರವಾಗುತ್ತಿರುತ್ತದೆ. ಅಪಾಯ ತಪ್ಪಿಸಲೆಂದು ಬೋಳಿಸಿದ ಮರ ಕೆಲವು ವರ್ಷಗಳಲ್ಲಿ ಮೊದಲಿಗಿಂತ ಹೆಚ್ಚು ಅಪಾಯದ ಮರವಾಗುವುದು ಹೀಗೆ. ನಮ್ಮ ಊರಿನ ರಸ್ತೆಬದಿಯಲ್ಲಿ ತಂತಿಗಾಗಿ ಮತ್ತೆ ಮತ್ತೆ ಬೋಳಿಸಿಕೊಂಡ ಮರಗಳನ್ನು ಕಂಡವರಿಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ.

ಅನುಮತಿಯ ವಿಷಯವನ್ನು ಚಿಕ್ಕದಾಗಿ ಹೇಳಿ ಮುಂದುವರಿಯುತ್ತೇನೆ. ಮರ ನಮ್ಮ ಸ್ವಂತ ಜಾಗದಲ್ಲಿದೆ, ಕೊಂಬೆಯನ್ನಷ್ಟೇ ಕಡಿಯುತ್ತೇವೆ ಎಂಬ ಸಮಾಧಾನ ಸಾಲದು. 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯಿದೆಯು ಮರ ಕಡಿಯುವುದು ಎಂಬುದರ ವ್ಯಾಪ್ತಿಯಲ್ಲೇ ಕೊಂಬೆ ಸವರುವುದು ಮತ್ತು ತಲೆ ಬೋಳಿಸುವುದನ್ನೂ ಸೇರಿಸಿಕೊಂಡಿದೆ. ತೆಂಗು, ನೀಲಗಿರಿ, ಸರ್ವೆ, ಸಿಲ್ವರ್ ಓಕ್, ಸುಬಾಬುಲ್‌ನಂತಹ ಕೆಲವು ಜಾತಿಗಳಿಗೆ ವಿನಾಯಿತಿ ಇದ್ದರೂ ಮಳೆಮರ ಆ ಪಟ್ಟಿಯಲ್ಲಿಲ್ಲ. ಅರಣ್ಯ ಇಲಾಖೆಯ ವೃಕ್ಷಾಧಿಕಾರಿಗೆ ಫೋಟೋ ಸಮೇತ ಅರ್ಜಿ ಕೊಟ್ಟು, ಸಿಬ್ಬಂದಿ ಬಂದು ನೋಡಿದ ಮೇಲೆಯೇ ಕೆಲಸ ಆರಂಭಿಸಿದೆವು. ಈ ತಂಡದ ಬಗ್ಗೆ ನನಗೆ ಮೊದಲು ನಂಬಿಕೆ ಹುಟ್ಟಿದ್ದೇ ಇಲ್ಲಿ: ಕಾಗದ ಆಗಿದೆಯೇ ಎಂದು ಅವರೇ ಕೇಳಿದರು, ಆಗದಿದ್ದರೆ ಮರ ಮುಟ್ಟುವುದಿಲ್ಲ ಎಂದೂ ಹೇಳಿದರು.

ತಂಡದ ಹಿರಿಯರು ಮರ ನೋಡಿದ ರೀತಿಯೇ ಬೇರೆ. ಉಳಿದವರು ಗೇಟಿನಲ್ಲಿ ನಿಂತು ತಲೆಯೆತ್ತಿ ನೋಡಿ ದರ ಹೇಳಿದ್ದರೆ, ಇವರು ತಲೆ ತಗ್ಗಿಸಿ ಬುಡದಿಂದ ಶುರುಮಾಡಿದರು. ಮರ ವಾಲಿದ ದಿಕ್ಕಿಗೆ ಎದುರಾಗಿರುವ ಮಗ್ಗುಲಲ್ಲಿ, ಅಂದರೆ ಬೇರು ಮರವನ್ನು ಹಿಡಿದೆಳೆದು ನಿಲ್ಲಿಸಿರುವ ಕಡೆಯಲ್ಲಿ, ತರಗೆಲೆ ಸರಿಸಿ ಮಣ್ಣು ಬಿರುಕು ಬಿಟ್ಟಿದೆಯೇ, ನೆಲ ಉಬ್ಬಿದೆಯೇ ಎಂದು ಕೈಯಾಡಿಸಿ ನೋಡಿದರು. ಬುಡದ ಸುತ್ತ ಅಣಬೆ ಎದ್ದ ಗುರುತು ಹುಡುಕಿದರು. ಮಚ್ಚಿನ ಹಿಂಬದಿಯಿಂದ ಕಾಂಡವನ್ನು ಸುತ್ತಲೂ ತಟ್ಟಿ ಸದ್ದು ಆಲಿಸಿದರು. ಪೊಳ್ಳಾದ ಕಡೆ ಸದ್ದು ಬೇರೆಯಾಗುತ್ತದೆ. ಆಮೇಲೆ ದೂರ ಸರಿದು, ಕಾಂಡ ಕೆಳಗೆ ಬಾಗಿದ್ದರೂ ಮೇಲೆ ಹೋಗುತ್ತಾ ನೆಟ್ಟಗಾಗಿರುವುದನ್ನು ನಮಗೆ ತೋರಿಸಿದರು. ಬಹಳ ಹಿಂದೆ ಬಾಗಿ, ಆ ಬಳಿಕ ಬೆಳವಣಿಗೆಯಲ್ಲೇ ತನ್ನನ್ನು ಸರಿಪಡಿಸಿಕೊಂಡ ಮರದ ಲಕ್ಷಣ ಅದು. ಬುಡದಿಂದ ತುದಿಯವರೆಗೂ ಒಂದೇ ಗೆರೆಯಲ್ಲಿ ವಾಲಿ, ಹಿಂಬದಿಯ ಮಣ್ಣು ಎದ್ದಿದ್ದರೆ ಮರ ಈಚೆಗೆ ಜಾರುತ್ತಿದೆ ಎಂದು ಅರ್ಥ. ಆಗ ಕೊಂಬೆ ಸವರಿ ಪ್ರಯೋಜನವಿಲ್ಲ, ಮರವನ್ನೇ ತೆಗೆಯಬೇಕಾಗುತ್ತದೆ ಎಂದು ಅವರು ಸ್ಪಷ್ಟವಾಗಿ ಹೇಳಿದರು. ಸಸ್ಯಶಾಸ್ತ್ರವೂ ಈ ತಿಳಿವಳಿಕೆಯನ್ನು ಬೆಂಬಲಿಸುತ್ತದೆ. ಅಗಲೆಲೆಯ ಮರಗಳು ವಾಲಿದಾಗ ಬಾಗಿನ ಮೇಲ್ಮೈಯಲ್ಲಿ ಎಳೆತವನ್ನು ತಡೆಯುವ ವಿಶೇಷ ಬಗೆಯ ಕಟ್ಟಿಗೆಯ ಪದರವನ್ನು ವರ್ಷವರ್ಷವೂ ಬೆಳೆಸಿಕೊಂಡು ತಮ್ಮನ್ನು ಗಟ್ಟಿಮಾಡಿಕೊಳ್ಳುತ್ತವೆ.

ಎಳೆತದ ಕಡೆಯ ನೆಲದ ಬಗ್ಗೆ ಅವರು ಕೊಟ್ಟ ಎಚ್ಚರಿಕೆಯನ್ನು ವಾಲಿದ ಮರವಿರುವ ಪ್ರತಿಯೊಬ್ಬರೂ ಗಮನಿಸಬೇಕು. ಮರದ ಬೇರುಗಳಲ್ಲಿ ಹೆಚ್ಚಿನವು ಮೇಲಿನ ಎರಡು ಮೂರು ಅಡಿ ಮಣ್ಣಿನಲ್ಲೇ ಇದ್ದು, ಹಂದರದ, ಅಂದರೆ ಕೊಂಬೆ ಎಲೆಗಳ ಹರವಿನ ಅಂಚನ್ನೂ ದಾಟಿ ಹರಡಿರುತ್ತವೆ. ವಾಲಿದ ಮರದ ಹಿಂಬದಿಯಲ್ಲಿ ಒಳಚರಂಡಿ ಪೈಪಿಗೋ ಕಾಂಪೌಂಡಿನ ಪಾಯಕ್ಕೋ ಒಂದು ಕಾಲುವೆ ತೋಡಿದರೆ, ಮರವನ್ನು ಹಿಡಿದು ನಿಲ್ಲಿಸಿದ ಬೇರುಗಳನ್ನೇ ಕಡಿದ ಹಾಗಾಗುತ್ತದೆ. ಮೇಲಿನ ಕೊಂಬೆಗಳನ್ನು ಎಷ್ಟು ಜಾಣತನದಿಂದ ಸವರಿದರೂ ಆ ನಷ್ಟವನ್ನು ತುಂಬಲಾಗದು.

ಅವರು ಹಾಕಿದ ಯೋಜನೆ ಸರಳವಾಗಿತ್ತು, ಹಾಗಾಗಿಯೇ ನನಗೆ ಹಿಡಿಸಿತು. ಮೊದಲು ಒಣಕೊಂಬೆಗಳನ್ನೆಲ್ಲ ಇಳಿಸುವುದು. ನಂತರ ತಾರಸಿಯ ಮೇಲಿನ ಮೂರು ಕೊಂಬೆಗಳನ್ನು ತುದಿಯಿಂದ ಆರೇಳು ಅಡಿ ಹಿಂದಕ್ಕೆ ತಂದು, ಮೇಲ್ಮುಖವಾಗಿ ಹೋಗುವ ಒಂದು ಗಟ್ಟಿ ಪಕ್ಕರೆಂಬೆಯ ಬಳಿ ನಿಲ್ಲಿಸುವುದು. ಮನೆಗೆ ಎದುರು ದಿಕ್ಕಿನ ಕೊಂಬೆಗಳನ್ನು ಮುಟ್ಟದೆ ಬಿಡುವುದು. ನಾವು ನಾಲ್ಕೂ ಕಡೆ ಸಮನಾಗಿ ಕತ್ತರಿಸಿದರೆ ನೋಡಲು ಅಂದವಲ್ಲವೇ ಎಂದು ಕೇಳಿದಾಗ ಅವರು ಒಪ್ಪಲಿಲ್ಲ. ಹಿಂದಿನ ಕೊಂಬೆಗಳು ವಾಲಿಕೆಗೆ ಎದುರುಭಾರವಾಗಿವೆ, ಅವನ್ನು ತೆಗೆದರೆ ಮರ ಇನ್ನಷ್ಟು ಮನೆಯ ಕಡೆಗೆ ಜಗ್ಗುತ್ತದೆ ಎಂದರು. ಕೊಂಬೆಯ ತುದಿಯಲ್ಲಿರುವ ಒಂದು ಕಿಲೋ ತೂಕ ಕವಲಿನ ಬಳಿಯ ಒಂದು ಕಿಲೋಗಿಂತ ಎಷ್ಟೋ ಪಟ್ಟು ಹೆಚ್ಚು ಎಳೆಯುವುದರಿಂದ, ಬುಡದಲ್ಲಿ ಇಡೀ ಕೊಂಬೆ ತೆಗೆಯುವ ಬದಲು ತುದಿಯಲ್ಲಿ ಸ್ವಲ್ಪ ತೆಗೆದರೂ ಗಾಳಿಯ ಹೊಡೆತ ಸಾಕಷ್ಟು ಇಳಿಯುತ್ತದೆ. ಹಾಗೆ ನಿಲ್ಲಿಸುವಾಗ ಉಳಿಯುವ ಪಕ್ಕರೆಂಬೆ, ಕತ್ತರಿಸುವ ಕೊಂಬೆಯ ಮೂರನೇ ಒಂದು ಭಾಗದಷ್ಟಾದರೂ ದಪ್ಪವಿರಬೇಕು. ಇಲ್ಲದಿದ್ದರೆ ಅದು ಮುಂದಾಳಾಗಿ ಬೆಳೆಯದೆ ಇಡೀ ತುದಿಯೇ ಒಣಗುತ್ತದೆ. ಒಂದು ವರ್ಷದಲ್ಲಿ ಹಸಿರು ಹಂದರದ ಕಾಲು ಭಾಗಕ್ಕಿಂತ ಹೆಚ್ಚು ತೆಗೆಯಬಾರದೆಂಬುದು ಮರಪಾಲನೆಯಲ್ಲಿ ಒಪ್ಪಿತವಾದ ಮಿತಿ, ವಯಸ್ಸಾದ ಮರಕ್ಕೆ ಅದಕ್ಕಿಂತಲೂ ಕಡಿಮೆ. ಇವರು ಆ ಮಿತಿಯ ಬಹಳ ಒಳಗೇ ಉಳಿದರು.

ಇನ್ನು ಕತ್ತರಿಸಿದ ಬಗೆ. ಕೊಂಬೆ ಕಾಂಡವನ್ನು ಸೇರುವ ಕಡೆ, ಬಟ್ಟೆ ತೋಳಿನ ಮಡಿಕೆಯಂತೆ ಸುತ್ತಲೂ ಒಂದು ಉಬ್ಬು ಇರುತ್ತದೆ. ಕವಲಿನ ಮೇಲ್ಭಾಗದಲ್ಲಿ ತೊಗಟೆ ಒತ್ತಿಕೊಂಡು ಕಪ್ಪಗೆ ಒರಟಾದ ಒಂದು ಏಣು ಎದ್ದಿರುತ್ತದೆ. ಒಣಗಿದ ಒಂದು ಕೊಂಬೆಯನ್ನು ಅವರು ಬುಡದಲ್ಲೇ ತೆಗೆಯಬೇಕಾಗಿ ಬಂದಾಗ ನಾನು ತಾರಸಿಯ ಮೇಲೆ ಹತ್ತಿರದಲ್ಲೇ ನಿಂತು ನೋಡಿದೆ. ಮೊದಲು ಕಾಂಡದಿಂದ ಒಂದೂವರೆ ಅಡಿ ಆಚೆ, ಕೊಂಬೆಯ ಕೆಳಗಿನಿಂದ ಮೇಲಕ್ಕೆ ಮೂರನೇ ಒಂದು ಭಾಗದಷ್ಟು ಗರಗಸ ಓಡಿಸಿದರು. ಅದಕ್ಕಿಂತ ನಾಲ್ಕು ಬೆರಳು ಹೊರಗೆ ಮೇಲಿನಿಂದ ಕೊಯ್ದಾಗ, ಕೊಂಬೆ ಆ ಕೆಳಗಾಯದವರೆಗೆ ಮಾತ್ರ ಸೀಳಿ ಕಳಚಿಕೊಂಡಿತು. ಕೆಳಗಿನ ಗಾಯವಿಲ್ಲದೆ ಒಂದೇ ಏಟಿಗೆ ಮೇಲಿನಿಂದ ಕೊಯ್ದರೆ, ಬೀಳುವ ಕೊಂಬೆ ತನ್ನ ಭಾರಕ್ಕೆ ಕಾಂಡದ ತೊಗಟೆಯನ್ನು ಮಾರುದ್ದ ಕಿತ್ತುಕೊಂಡು ಹೋಗುತ್ತದೆ. ಉಳಿದ ಮೋಟನ್ನು ಕೊನೆಗೆ ಕೈಗರಗಸದಿಂದ ಉಬ್ಬಿನ ಹೊರ ಅಂಚಿಗೆ ಸರಿಯಾಗಿ, ಉಬ್ಬಿಗೆ ಹಲ್ಲು ತಾಗದಂತೆ ಕೊಯ್ದು ತೆಗೆದರು. ಚೈನ್ ಸಾ ಹೆಗಲಲ್ಲೇ ನೇತಾಡುತ್ತಿದ್ದರೂ ಕೊನೆಯ ಕೊಯ್ತಕ್ಕೆ ಕೈಗರಗಸವನ್ನೇ ಹಿಡಿದದ್ದು ಕಂಡು ನನಗೆ ಗೌರವ ಮೂಡಿತು.

ಉಬ್ಬಿನ ಬಗ್ಗೆ ಇಷ್ಟೊಂದು ಒತ್ತು ಕೊಡಲು ಕಾರಣವಿದೆ. ಕಾಂಡಕ್ಕೆ ಮಟ್ಟಸವಾಗಿ ಕೊಯ್ಯುವುದೇ ಅಚ್ಚುಕಟ್ಟು ಎಂಬ ನಂಬಿಕೆ ಪ್ರಪಂಚದಾದ್ಯಂತ ಬಹುಕಾಲ ಇತ್ತು. ಅಮೆರಿಕದ ಅರಣ್ಯ ಸೇವೆಯ ವಿಜ್ಞಾನಿ ಅಲೆಕ್ಸ್ ಶೈಗೊ ಅವರು ಸಾವಿರಾರು ಮರಗಳನ್ನು ಉದ್ದಕ್ಕೆ ಸೀಳಿ ಪರೀಕ್ಷಿಸಿ, ಮರ ತನ್ನ ಗಾಯವನ್ನು ನಮ್ಮ ಚರ್ಮದ ಹಾಗೆ ಹೊಸ ಅಂಗಾಂಶದಿಂದ ಮರುಭರ್ತಿ ಮಾಡುವುದಿಲ್ಲ, ಕೊಳೆಯ ಸುತ್ತ ಗೋಡೆ ಕಟ್ಟಿ ಅದನ್ನು ಅಲ್ಲಿಯೇ ಬಂಧಿಸುತ್ತದೆ ಎಂದು 1970ರ ದಶಕದಲ್ಲಿ ತೋರಿಸಿಕೊಟ್ಟರು. ಆ ಗೋಡೆ ಕಟ್ಟುವ ಶಕ್ತಿ ಹೆಚ್ಚಾಗಿರುವುದು ಈ ಉಬ್ಬಿನಲ್ಲಿ. ಉಬ್ಬನ್ನೂ ಸೇರಿಸಿ ಕೊಯ್ದರೆ ಕೊಳೆ ನೇರವಾಗಿ ಕಾಂಡಕ್ಕೆ ಇಳಿಯುತ್ತದೆ. ಉದ್ದ ಮೋಟು ಬಿಟ್ಟರೆ ಗಾಯ ಮುಚ್ಚಲಾಗದೆ ಮೋಟೇ ಕೊಳೆತು ದಾರಿ ಮಾಡಿಕೊಡುತ್ತದೆ. ಗಾಯಕ್ಕೆ ಡಾಂಬರು ಇಲ್ಲವೇ ಪೇಂಟ್ ಬಳಿಯುವುದು ಕೊಳೆಯನ್ನು ತಡೆಯುವುದಿಲ್ಲ ಎಂಬುದೂ ಅವರ ಅಧ್ಯಯನಗಳಿಂದ ಗೊತ್ತಾದ ಸಂಗತಿ. ನಮ್ಮ ತಂಡದ ಹಿರಿಯರಿಗೆ ಶೈಗೊ ಹೆಸರು ತಿಳಿದಿರಲಿಲ್ಲ. ಆದರೂ ಪೇಂಟ್ ತರಲೇ ಎಂದು ಕೇಳಿದಾಗ, ಗಾಯ ಗಾಳಿಗೆ ಒಣಗಲಿ, ಏನೂ ಬಳಿಯುವುದು ಬೇಡ ಎಂದು ತೋಟದ ಅನುಭವದಿಂದಲೇ ಹೇಳಿದರು.

ಹಗ್ಗದ ಕೆಲಸವೂ ಮೆಚ್ಚುವಂತಹುದು. ತಾರಸಿಯ ಮೇಲಿನ ಒಂದು ತುಂಡನ್ನೂ ಅವರು ನೇರವಾಗಿ ಬೀಳಿಸಲಿಲ್ಲ. ಮೇಲಿನ ಗಟ್ಟಿ ಕವಲಿನ ಮೂಲಕ ಹಗ್ಗ ಹಾಯಿಸಿ, ಕೆಳಗೆ ಕಾಂಡದ ಬುಡಕ್ಕೆ ಎರಡು ಮೂರು ಸುತ್ತು ಸುತ್ತಿ, ಆ ಉಜ್ಜಾಟದ ಹಿಡಿತದಲ್ಲೇ ಒಬ್ಬನು ಭಾರವನ್ನು ನಿಧಾನವಾಗಿ ಸಡಿಲಿಸುತ್ತಿದ್ದ. ಟ್ಯಾಂಕಿಗಾಗಲಿ ಸೋಲಾರ್ ಗಾಜಿಗಾಗಲಿ ಗೀರು ಬೀಳಲಿಲ್ಲ. ಮರ ಹತ್ತಲು ಮುಳ್ಳಿನ ಬೂಟು ಬಳಸಲಿಲ್ಲ. ಉಳಿಸಬೇಕಾದ ಮರಕ್ಕೆ ಅದು ಪ್ರತಿ ಹೆಜ್ಜೆಯಲ್ಲೂ ಗಾಯ ಮಾಡುತ್ತದೆ. ಮನೆಗೆ ಬರುವ ವಿದ್ಯುತ್ ತಂತಿಯ ಮೇಲೆ ಒಂದು ರೆಂಬೆ ಒರಗಿದ್ದುದರಿಂದ, ವಿದ್ಯುತ್ ಸರಬರಾಜು ಕಂಪನಿಯಾದ ಸೆಸ್ಕ್‌ನ ಸಹಾಯವಾಣಿ 1912ಕ್ಕೆ ತಿಳಿಸಿ, ಲೈನ್‌ಮನ್ ಬಂದು ಸಂಪರ್ಕ ತಪ್ಪಿಸುವವರೆಗೂ ಆ ಮಗ್ಗುಲಿಗೆ ಕೈ ಹಾಕಲಿಲ್ಲ. ಹಸಿ ಮರದಲ್ಲಿ ವಿದ್ಯುತ್ ಹರಿಯುತ್ತದೆ ಎಂಬುದನ್ನು ಅರಿತ ಕೆಲಸಗಾರರು ಹೀಗೆಯೇ ಕಾಯುತ್ತಾರೆ, ಕಾಯಲೂಬೇಕು. ಹಿಂಬದಿಯ ಎತ್ತರದ ಕವಲಿನಲ್ಲಿ ಹದ್ದಿನ ಗೂಡಿತ್ತು. ಅತ್ತ ಹೇಗೂ ಕತ್ತರಿಸುವಂತಿರಲಿಲ್ಲವಾದ್ದರಿಂದ ಅದು ಸುರಕ್ಷಿತವಾಗಿ ಉಳಿಯಿತು. ಎರಡು ರೆಂಬೆಗಳಲ್ಲಿ ಬೇರೂರಿದ್ದ ಬಂದಳಿಕೆಯನ್ನು, ಅದು ಹಿಡಿದ ಜಾಗದಿಂದ ಒಂದಡಿ ಕೆಳಗೆ ರೆಂಬೆ ಸಮೇತ ಕತ್ತರಿಸಿ ತೆಗೆದರು; ಬರಿಯ ಬಂದಳಿಕೆಯನ್ನು ಕಿತ್ತರೆ ಒಳಗುಳಿದ ಬೇರು ಮತ್ತೆ ಚಿಗುರುತ್ತದೆ.

ಕೊರತೆಗಳನ್ನು ಹೇಳದಿದ್ದರೆ ವಿಮರ್ಶೆ ಪೂರ್ತಿಯಾಗುವುದಿಲ್ಲ. ಎಲ್ಲಕ್ಕಿಂತ ಗಂಭೀರವಾದದ್ದು ಸುರಕ್ಷತೆಯದು. ಮರ ಹತ್ತುವವರು ಸೊಂಟಪಟ್ಟಿ ಮತ್ತು ಹಗ್ಗವನ್ನು ಸರಿಯಾಗಿ ಬಳಸಿದರೂ, ಕೆಳಗೆ ಹಗ್ಗ ಹಿಡಿಯುವವರ ತಲೆಗೆ ಹೆಲ್ಮೆಟ್ ಇರಲಿಲ್ಲ, ಕಣ್ಣಿಗೆ ಕನ್ನಡಕ ಇರಲಿಲ್ಲ. ಒಬ್ಬ ಹುಡುಗ ಹವಾಯಿ ಚಪ್ಪಲಿಯಲ್ಲೇ ಇದ್ದ. ಕೆಲಸಗಾರರಿಗೆ ವಿಮೆ ಇಲ್ಲ. ನಾವು ಮನೆಯಲ್ಲಿದ್ದ ಹೆಲ್ಮೆಟ್‌ಗಳನ್ನು ಕೊಟ್ಟು ಹಾಕಿಕೊಳ್ಳುವಂತೆ ಒತ್ತಾಯಿಸಬೇಕಾಯಿತು. ಇಷ್ಟು ಜಾಣರಾದವರು ತಮ್ಮ ತಲೆಯ ವಿಷಯದಲ್ಲಿ ಇಷ್ಟು ಉದಾಸೀನರಾಗಿರುವುದು ನನಗೆ ನೋವಿನ ಸಂಗತಿ. ಕರೆಸುವವರು ಇದನ್ನು ಮೊದಲೇ ಷರತ್ತಾಗಿ ಹೇಳಿ, ಅದರ ಖರ್ಚನ್ನು ತಾವೇ ಭರಿಸುವುದು ನ್ಯಾಯ. ಎರಡನೆಯದು, ಪೂರ್ವದ ಕಡೆ ಒಂದು ಕೊಂಬೆಯಲ್ಲಿ ಗೇಣುದ್ದದ ಮೋಟು ಬಿಟ್ಟು ಇಳಿದಿದ್ದರು. ತೋರಿಸಿದ ಮೇಲೆ ಮರುಮಾತಿಲ್ಲದೆ ಮತ್ತೆ ಹತ್ತಿ ಸರಿಪಡಿಸಿದರು. ಚೈನ್ ಸಾ ಎಣ್ಣೆಯ ಕಲೆ ತಾರಸಿಯಲ್ಲಿ ಇನ್ನೂ ಇದೆ. ಹೇಳಿದ ವಾರಕ್ಕೆ ಬರದೆ ನಂತರದ ವಾರ ಬಂದರು, ರಸೀದಿ ಕೊಡುವ ಪದ್ಧತಿ ಇಲ್ಲ.

ಅವರು ತೆಗೆದುಕೊಂಡದ್ದು ಹದಿನೆಂಟು ಸಾವಿರ ರೂಪಾಯಿ, ಕೊಂಬೆ ಸಾಗಿಸಿದ ಟ್ರ್ಯಾಕ್ಟರಿಗೆ ಬೇರೆಯಾಗಿ ಎರಡೂವರೆ ಸಾವಿರ. ಬೋಳಿಸುವ ದರದ ದುಪ್ಪಟ್ಟು ಇದಾಯಿತು. ನನ್ನ ತೀರ್ಮಾನದಲ್ಲಿ ಇದು ಹೆಚ್ಚಲ್ಲ: ಬೋಳಿಸಿದ ಮರದ ಚಿಗುರನ್ನು ಎರಡು ಮೂರು ವರ್ಷಕ್ಕೊಮ್ಮೆ ಮತ್ತೆ ಹಣ ಕೊಟ್ಟು ತೆಗೆಸುತ್ತಲೇ ಇರಬೇಕಾಗುತ್ತದೆ, ಮರ ಮಾತ್ರ ಪ್ರತಿ ಸಲವೂ ಇನ್ನಷ್ಟು ಕ್ಷೀಣಿಸುತ್ತದೆ. ಸಣ್ಣ ರೆಂಬೆ ಮತ್ತು ಎಲೆಯನ್ನು ನಾವು ಕಳುಹಿಸದೆ ಬುಡದ ಸುತ್ತ, ಕಾಂಡಕ್ಕೆ ತಾಗದಂತೆ ಹರಡಿಸಿಕೊಂಡೆವು. ಮಳೆಮರದ ಎಲೆ ಬೇಗ ಕರಗುವ ಒಳ್ಳೆಯ ಗೊಬ್ಬರ.

ಕೆಲಸ ನಡೆದದ್ದು ಫೆಬ್ರವರಿಯಲ್ಲಿ, ಮರ ಎಲೆ ಉದುರಿಸುತ್ತಿದ್ದ ಕಾಲದಲ್ಲಿ. ಆಮೇಲಿನ ಮೇ ತಿಂಗಳ ಗಾಳಿಮಳೆಗೆ ನಮ್ಮ ಬಡಾವಣೆಯಲ್ಲೇ ಬೇರೆ ಕೊಂಬೆಗಳು ಬಿದ್ದು ರಸ್ತೆ ಕಟ್ಟಿದಾಗ ಪಾಲಿಕೆಯ ಅಭಯ ತಂಡದವರು ಬಂದು ತೆರವುಗೊಳಿಸಬೇಕಾಯಿತು. ನಮ್ಮ ಮರದಿಂದ ಕಡ್ಡಿಗಳ ಹೊರತು ಏನೂ ಬೀಳಲಿಲ್ಲ. ಒಂದೇ ಬೇಸಿಗೆಯನ್ನು ಆಧಾರವಾಗಿಟ್ಟು ಮರ ಇನ್ನು ಬೀಳುವುದೇ ಇಲ್ಲ ಎಂದು ನಾನು ಹೇಳಲಾರೆ, ಯಾವ ಪ್ರಾಮಾಣಿಕ ಮರಗೆಲಸದವರೂ ಹಾಗೆ ಹೇಳುವುದಿಲ್ಲ. ಆದರೆ ಕೊಯ್ದ ಜಾಗಗಳ ಅಂಚಿನಲ್ಲಿ ಹೊಸ ತೊಗಟೆ ಸುತ್ತಲೂ ಸಮನಾಗಿ ಉಕ್ಕಿ ಬಂದು ಒಳಮುಖವಾಗಿ ಮುಚ್ಚಿಕೊಳ್ಳಲು ತೊಡಗಿದೆ, ಕಂಬಚಿಗುರು ಬೆರಳೆಣಿಕೆಯಷ್ಟೇ ಬಂದಿದೆ. ಹಂದರ ಹಗುರವಾಗಿದ್ದರೂ ನೆರಳು ಕಡಿಮೆಯಾಗಿಲ್ಲ.

ವಾಲಿದ ದೊಡ್ಡ ಮರವನ್ನು ಉಳಿಸಿಕೊಳ್ಳಬೇಕೆನ್ನುವವರಿಗೆ ಇಂತಹ ತಂಡವನ್ನು ನಾನು ಸಂಕೋಚವಿಲ್ಲದೆ ಶಿಫಾರಸು ಮಾಡುತ್ತೇನೆ. ಹುಣಸೂರು, ಪಿರಿಯಾಪಟ್ಟಣ ಕಡೆ ಕಾಫಿ ತೋಟಕ್ಕೆ ಹೋಗಿ ಬರುವವರನ್ನು ವಿಚಾರಿಸಿದರೆ ಮರಗಸಿ ಬಲ್ಲವರು ಸಿಗುತ್ತಾರೆ. ಬಂದವರು ಮೊದಲು ಬುಡ ನೋಡುತ್ತಾರೋ ತಲೆ ನೋಡುತ್ತಾರೋ ಎಂಬುದನ್ನು ಗಮನಿಸಿ, ಎಲ್ಲಿ ಕೊಯ್ಯುತ್ತೀರಿ ಎಂದು ಕೈಯಿಂದ ತೋರಿಸಲು ಹೇಳಿ. ಡಿಸೆಂಬರಿನಲ್ಲೇ ಮಾತಾಡಿಕೊಂಡು ಅಷ್ಟರೊಳಗೆ ಅನುಮತಿಯ ಅರ್ಜಿಯನ್ನೂ ಹಾಕಿರಬೇಕು, ಏಕೆಂದರೆ ಬೇಸಿಗೆ ಮಳೆ ಬಿದ್ದು ತೋಟಗಳಲ್ಲಿ ಮರಗಸಿ ಶುರುವಾದ ಮೇಲೆ ಇವರು ಮೈಸೂರಿನ ಕಡೆಗೆ ಬರಲು ಒಪ್ಪುವುದಿಲ್ಲ.